ಬಾಯಾರು ಬಸ್ಸಿನಲ್ಲಿ ರಾಣಿಯ ವಿಷ

ಗೆಳೆಯರೇ, ಇವತ್ತು ಉಪ್ಪಳದಿಂದ ಬಾಯಾರಿಗೆ ಹೋಗುವ ಬಸ್ಸಿನಲ್ಲಿ ಹಳೆಯದೊಂದು ಐತಿಹಾಸಿಕ ಕಾದಂಬರಿ ಓದುತ್ತಿದ್ದೆ. ಪುಟ ಮಗುಚುವಾಗ ತಲೆಯ ಮೇಲಿನಿಂದ ಸ್ವರ ಕೇಳಿತು: "ಸ್ವಲ್ಪ ನಿಲ್ಲಿ, ನನ್ನದು ಆಗಲಿಲ್ಲ."

ಕಂಬಿ ಹಿಡಿದು ನಿಂತಿದ್ದ ಹೆಂಗಸೊಬ್ಬರು ನನ್ನೊಂದಿಗೇ ಓದುತ್ತಿದ್ದರು. ಸಂಕೋಚದಿಂದ ಎದ್ದು ಜಾಗ ಕೊಡಹೋದೆ.

"ಸೀಟು ಬೇಡ ಮಾರಾಯ್ರೆ, ಪುಸ್ತಕ ಚೂರು ಮೇಲೆ ಹಿಡೀರಿ."

ಹಿಡಿದೆ. ರಾಣಿ ವಿಷದ ಬಟ್ಟಲನ್ನು ತುಟಿಗೆ ತಂದಾಗ ಕಂಡಕ್ಟರ್ ಕೂಗಿದ: "ಜೆಸಿಂತಾ ಬಾಯಿ, ಪೈವಳಿಕೆ ಬಂತು, ಇಳೀರಿ."

"ಇವಳು ಕುಡೀತಾಳಾ ಇಲ್ವಾ ಗೊತ್ತಾಗದೆ ಹೇಗೆ ಇಳಿಯುವುದು?"

"ಸಾರ್, ಕೊನೇ ಪುಟ ನೋಡಿ ಹೇಳಿಬಿಡಿ. ನನಗೆ ಟೈಮ್ ಇಲ್ಲ," ಎಂದ ಕಂಡಕ್ಟರ್ ನನ್ನತ್ತ ತಿರುಗಿ.

"ಹೇಳಬೇಡಿ," ಎಂದರು ಜೆಸಿಂತಾ ಬಾಯಿ. "ಹೇಳುವುದಿಲ್ಲ," ಎಂದೆ ನಾನು. ಕಂಡಕ್ಟರ್ ಸೋತು ಬೆಲ್ ಎಳೆದ.

ಬಾಯಾರು ಸಮೀಪಿಸುವಾಗ ರಾಣಿ ಬಟ್ಟಲಿನ ವಿಷವನ್ನು ಮಂತ್ರಿಯ ಮುಖಕ್ಕೆ ಎರಚಿದಳು. ಜೆಸಿಂತಾ ಬಾಯಿ ಸಂತೋಷದಲ್ಲಿ ನನ್ನ ಭುಜಕ್ಕೆ ಗುದ್ದಿದರು. ವಾಪಸು ಹೋಗಲು ಅದೇ ಬಸ್ಸಿನಲ್ಲಿ, ಈಗ ಸೀಟಿನಲ್ಲಿಯೇ, ಕುಳಿತರು. ಪಕ್ಕದಲ್ಲಿ ನಾನೂ ಕುಳಿತೆ.

ಕಾದಂಬರಿಗೆ ಕಥೆ ಅನಗತ್ಯ ಎಂದು ಸಭೆ ಸಭೆಗಳಲ್ಲಿ ವಾದಿಸುವ ನಾನು ಇಳಿಯಬೇಕಿದ್ದದ್ದು ಪೈವಳಿಕೆಗೂ ಮೊದಲೇ, ಬೇಕೂರಿನಲ್ಲಿ.