ಇರಣ್ಣ ಬೀಗರಿಗೆ ಕೊಟ್ಟ ಪಟ

ಇಳಕಲ್ಲಿನ ಇರಣ್ಣ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆಯ ಅರ್ಧ ಅಡಿಗೆಮನೆಗಳಿಗೆ ಗ್ರಾನೈಟ್ ಕಟ್ಟೆ ಹಾಕಿಸಿದ ಶೂರ. ಆದರೆ ಅವನ ಪ್ರತಾಪವಿದ್ದದ್ದು ಕಲ್ಲಿನಲ್ಲಲ್ಲ, ನಾಲಿಗೆಯಲ್ಲಿ. ಮದುವೆಮನೆಯಲ್ಲಿ ಬೀಗರ ಹಾಡು ಹೇಳಿ ಎದುರು ಪಾಳಯದವರ ಮೂಗು, ಹೊಟ್ಟೆ, ಜಿಪುಣತನಗಳನ್ನು ಧೂಳೀಪಟ ಮಾಡುವುದರಲ್ಲಿ ಇಡೀ ಟೆಕ್ಸಾಸಿನಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಬೈಸಿಕೊಂಡ ಬೀಗರು ನಕ್ಕರೆ ಸಂಬಂಧ ಗಟ್ಟಿಯಾಯಿತೆಂದೇ ಅವನ ನಂಬಿಕೆ. ಅವನ ಮದುವೆಯಲ್ಲಿ ಹೆಂಡತಿ ಜಯದೇವಿಯ ಸೋದರತ್ತೆಯರು ಅವನಪ್ಪನನ್ನು ಬೆಲ್ಲ ಕದ್ದ ಮಂಗ ಎಂದು ಹಾಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಅಪ್ಪನೇ.

ಹೀಗಿರುವಾಗ ಒಬ್ಬಳೇ ಮಗಳು ನಿಧಿ, ಡಲ್ಲಾಸಿನ ಐರಿಷ್ ಮನೆತನದ ಹುಡುಗ ಬ್ರೆಂಡನ್‌ನನ್ನು ಮೆಚ್ಚಿದಳು. ಹುಡುಗನ ಅಪ್ಪ ಮಾರ್ಟಿನ್ ಕೀಗನ್ ಮಿತಭಾಷಿ. ಜೊತೆಗೆ ಊಟಕ್ಕೆ ಕೂತಾಗಲೂ ಮಾತು ಬಿಸಿಲು, ಟ್ರಾಫಿಕ್ ದಾಟಿ ಆಚೆ ಹೋಗಲಿಲ್ಲ. ಮಗಳನ್ನು ಕೊಟ್ಟ ಮನೆಯಲ್ಲಿ ತಾನು ಹೊರಗಿನವನಾಗಿಯೇ ಉಳಿದುಬಿಡುತ್ತೇನೆಂಬ ದಿಗಿಲು ಇರಣ್ಣನಿಗೆ. ಹಾಡೋಣವೆಂದರೆ ಬೀಗರಿಗೆ ಕನ್ನಡ ಬಾರದು.

ಆಸ್ಟಿನ್ನಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅಸ್ತ್ರ ಸಿಕ್ಕಿತು. ಹತ್ತೊಂಬತ್ತನೇ ಶತಮಾನದ ಪತ್ರಿಕೆಯ ವ್ಯಂಗ್ಯಚಿತ್ರ: ಕೋತಿ ದವಡೆಯ ಐರಿಷಿನವನೊಬ್ಬ ಪೀಪಾಯಿಯ ಮೇಲೆ ಕೂತಿದ್ದಾನೆ, ಕೈಯಲ್ಲಿ ಬಾಟಲಿ, ಬಾಯಲ್ಲಿ ಮೋಟು ಪೈಪು, ಕಾಲ ಬುಡದಲ್ಲಿ ಅಳುವ ಹೆಂಡತಿ ಮಕ್ಕಳು. ಹುಟ್ಟಿದಾರಭ್ಯ ಒಂದು ಹನಿ ಹೆಂಡ ಮುಟ್ಟದ ಇರಣ್ಣನಿಗೆ ಅದರಲ್ಲಿ ಕಂಡದ್ದು ಬರೀ ತಮಾಷೆ. ಬಂಗಾರ ಬಣ್ಣದ ಕಟ್ಟು ಹಾಕಿಸಿ ಮನೆಗೆ ತಂದ.

"ಈ ಮಂಗ್ಯಾನ ಮಾರಿ ಯಾರದ್ರೀ?" ಎಂದಳು ಜಯದೇವಿ.

"ನಮ್ಮ ಬೀಗರದು."

"ಕೊಡೂಕಿಂತ ಮೊದಲ ನಿಧೀನ್ನ ಒಂದ್ ಮಾತ ಕೇಳ್ರಿ."

"ಕೇಳಿದ್ರ ಗುಟ್ಟ ಉಳೀತದೇನ?"

ನಿಶ್ಚಿತಾರ್ಥ ಹ್ಯೂಸ್ಟನ್ ಹತ್ತಿರದ ವುಡ್‌ಲ್ಯಾಂಡ್ಸ್‌ನ ಅವನ ಮನೆಯಲ್ಲೇ. ಎಲೆ, ಅಡಿಕೆ, ತೆಂಗಿನಕಾಯಿಗಳ ನಡುವೆ ಕಾಗದ ಸುತ್ತಿದ ಪಟವಿಟ್ಟು, ದಿಗ್ವಿಜಯ ಮುಗಿಸಿ ಬಂದ ಸಾಮ್ರಾಟನಂತೆ ತಟ್ಟೆಯನ್ನು ಬೀಗರ ಕೈಗಿತ್ತ. ಕಾಗದ ಬಿಚ್ಚಿದ ಮಾರ್ಟಿನ್ ಬಹಳ ಹೊತ್ತು ನೋಡಿದ. ಇರಣ್ಣ ಆಗಲೇ ನಗಲು ಶುರುಮಾಡಿದ್ದ. ತನ್ನ ಜೊತೆ ಇನ್ಯಾರೂ ನಗುತ್ತಿಲ್ಲವೆಂದು ತಿಳಿಯಲು ಕೊಂಚ ಹೊತ್ತು ಹಿಡಿಯಿತು.

"ಇಂಥ ಚಿತ್ರ ನೋಡಿ ನಗುತ್ತಿದ್ದವರು ನಮ್ಮ ಮುತ್ತಜ್ಜನಿಗೆ ಕೆಲಸ ಕೊಡುತ್ತಿರಲಿಲ್ಲ," ಎಂದ ಮಾರ್ಟಿನ್ ಇಂಗ್ಲಿಷಿನಲ್ಲಿ, ಮೆಲ್ಲಗೆ. "ಇದು ಸುಳ್ಳು ಅಂತ ತೋರಿಸುವುದರಲ್ಲೇ ಅವನ ಆಯುಷ್ಯ ಹೋಯಿತು. ನಮ್ಮಪ್ಪ ಕುಡಿದು ಕುಡಿದು ಇದನ್ನು ನಿಜ ಮಾಡಿ ಸತ್ತ. ಅದಕ್ಕೇ ನಾನು ಹೆಂಡ ಮುಟ್ಟಲಿಲ್ಲ."

ಇರಣ್ಣ ಕ್ಷಮೆ ಕೇಳಿದ. ಬೀಗರ ಹಾಡಿನ ಪದ್ಧತಿ ವಿವರಿಸಿದ, ತನ್ನಪ್ಪನ ಮಂಗನ ಕಥೆಯನ್ನೂ ಹೇಳಿದ. ವಿವರಿಸಿದಷ್ಟೂ ಕೆಟ್ಟಿತು. ಮಾರ್ಟಿನ್ ಕೈಕುಲುಕಿ ಪರವಾಗಿಲ್ಲವೆಂದ. ಪಟವನ್ನು ಮಕಾಡೆ ಮಲಗಿಸಿ ಊಟಕ್ಕೆ ಎದ್ದ.

ಎಲ್ಲರೂ ಹೋದ ಮೇಲೆ ನಿಧಿ ಅಳಲಿಲ್ಲ, ರೇಗಲೂ ಇಲ್ಲ. ಚಿಕ್ಕಂದಿನಿಂದ ಟೀಚರುಗಳಿಗೆ, ಗೆಳತಿಯರಿಗೆ, ಈಗ ಬ್ರೆಂಡನ್‌ಗೆ, ಅಪ್ಪ ಹಾಗಂದದ್ದು ಯಾಕೆ ಎಂದು ಬಿಡಿಸಿ ಹೇಳುತ್ತಲೇ ಬಂದಿದ್ದೇನೆ ಎಂದಳು, ಎಂದಿನಂತೆ ಇಂಗ್ಲಿಷಿನಲ್ಲಿ. ಆಮೇಲೆ ಕನ್ನಡದಲ್ಲಿ, "ನಂಗ ಸಾಕಾಗೇದ ಅಪ್ಪಾ."

ಮದುವೆ ಡಲ್ಲಾಸಿನಲ್ಲಿ ನಡೆಯಿತು. ಬೀಗರು ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಆರತಕ್ಷತೆಯಲ್ಲಿ ಯಾರಾದರೂ ಹತ್ತಿರ ಬಂದು ಇರಣ್ಣ ಬಾಯಿ ತೆರೆಯಲು ಹೊರಟಾಗಲೆಲ್ಲ ನಿಧಿಯ ಮದರಂಗಿ ಕೈ ಬಂದು ಅವನ ಮೊಣಕೈ ಮೇಲೆ ಹಗುರಾಗಿ ಕೂರುತ್ತಿತ್ತು. ಅವನು ಬಾಯಿ ಮುಚ್ಚುತ್ತಿದ್ದ. ನೋಡಿದವರು, ಅಪ್ಪನ ಮೇಲೆ ಮಗಳಿಗೆ ಎಷ್ಟು ಪ್ರೀತಿ ಎಂದುಕೊಂಡರು. ಫೋಟೋದವನು ಅದನ್ನೂ ಬಿಡದೆ ತೆಗೆದ.