ಕೆಂಪು ಗೆರೆ ಎಳೆದ ಹೆಸರು

ಹೋದ ವಾರ ಮಸ್ಕಿಯಲ್ಲಿ ಲಿಂಗಸುಗೂರಿನ ಬಸ್ ಹತ್ತಿದಾಗ ಪಕ್ಕದ ಸೀಟಿನ ಹೆಂಗಸು ಬುತ್ತಿ ಬಿಚ್ಚಿದಳು. ಕಟಕ ರೊಟ್ಟಿ, ಗುರೆಳ್ಳು ಹಿಂಡಿಯ ಪುಡಿ. ಆ ವಾಸನೆಗೆ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಸಿಂಧನೂರಿನ ಬಾಡಿಗೆ ಕೋಣೆಯಲ್ಲಿ ಒಂದೂವರೆ ವರ್ಷ ಅಂಥದೇ ಬುತ್ತಿಯಲ್ಲಿ ನನಗೂ ಪಾಲಿತ್ತು. ಬುತ್ತಿ ಅಕ್ಕನದು.

ಸ್ವಂತ ಅಕ್ಕನಲ್ಲ. ಎಂ.ಎ. ತರಗತಿಯಲ್ಲಿ ನನ್ನ ಜೊತೆಗಿದ್ದವಳು, ನನಗಿಂತ ಮೂರು ವರ್ಷ ದೊಡ್ಡವಳು, ಪಾಮನಕಲ್ಲೂರಿನವಳು. ಪಾಠದಲ್ಲಿ ಪ್ರಶ್ನೆ ಬಂದಾಗ ನಾನು ತಲೆ ತಗ್ಗಿಸಿದರೆ ಮೊಣಕೈಯಿಂದ ತಿವಿಯುತ್ತಿದ್ದಳು. “ಗೊತ್ತಿದ್ದೂ ಬಾಯಿ ಮುಚ್ಕೊಂಡು ಕುಂದರ್ತಿಯಲ್ಲಬೇ, ಯಾರಿಗಂತ ಕೂಡಿ ಇಡಾಕತ್ತಿ?”

ಮೂರನೆಯ ಸೆಮಿಸ್ಟರ್ ಮುಗಿದಾಗ ಅಕ್ಕನ ಮದುವೆಯಾಯಿತು. “ಪರೀಕ್ಷಾಕ್ಕ ಕಳಸ್ತೀವಂತ ಮಾತು ಕೊಟ್ಟಾರ” ಎಂದಳು. ಕಳಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಬಳಗಾನೂರಿನಲ್ಲಿ ಆಕೆಯ ಗಂಡನ ಮನೆ. ಬಸ್ಸಿಗೆ ಬಹಳ ಹೊತ್ತೇನಿಲ್ಲ. ನಾನು ಒಮ್ಮೆಯೂ ಹೋಗಲಿಲ್ಲ...

ಈ ವರ್ಷ ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟಿದರು. ಹುಡುಗಿಯರನ್ನು ಹುಡುಕಿ ಪಟ್ಟಿ ಮಾಡುವ ಕೆಲಸ ನನಗೆ ಬಂತು. ಆಗೆಲ್ಲ ನಾವು ಪ್ರವೇಶದ ಅರ್ಜಿಯಲ್ಲಿ ಮನೆಯವರ ನಂಬರು ಬರೆಯುತ್ತಿದ್ದೆವು. ಅಕ್ಕ ಬರೆದಿದ್ದ ನಂಬರಿಗೆ ಆಕೆಯ ಅವ್ವ ಸಿಕ್ಕಳು.

“ಆಕಿ ಹೋಗಿ ಎರಡು ವರ್ಷಾತವ್ವಾ. ಕಾಮಣಿ ಆಗಿ ಕಣ್ಣು, ಮೈ ಎಲ್ಲಾ ಹಳದಿ ಆಗಿದ್ವು.” ಆಮೇಲೆ ಆಕೆಯೇ ಕೇಳಿದಳು: “ಪಟ್ಟಿಗಿ ಆಕಿ ಹೆಸರು ಹಚ್ಚತೀಯೇನು? ನನ್ನ ಮಗಳು ಅಷ್ಟು ಓದಿದ್ದಳಂತ ಎಲ್ಲೂ ಬರದಿಲ್ಲ.”

ಹಚ್ಚುತ್ತೇನೆ ಎಂದೆ.

ಸಂಘದ ಅಧ್ಯಕ್ಷ ನಮ್ಮ ಸಹಪಾಠಿಯೇ. “ಪಾಸಾದವರಷ್ಟ ಇರಲಿ ಮೇಡಂ. ಅರ್ಧಕ್ಕ ಬಿಟ್ಟವರನ್ನೆಲ್ಲ ಸೇರಿಸಿದ್ರ ಹಾಲ್ ಸಾಲಂಗಿಲ್ಲ” ಎಂದು ನಕ್ಕ.

“ಸಾಲದಿದ್ರ ನಾ ಹೊರಗ ನಿಂದರ್ತೀನಿ. ಆಕಿ ಹೆಸರು ಒಳಗಿರಲಿ.”

ಅಚ್ಚಾದ ಪಟ್ಟಿಯಲ್ಲಿ ಹೆಸರಿರಲಿಲ್ಲ.

ಸಿಂಧನೂರಿನ ಸಮ್ಮಿಲನದ ದಿನ ತಮಾಷೆಗೆಂದು ಹಳೆಯ ಹಾಜರಿ ಪುಸ್ತಕ ತಂದಿದ್ದರು. ಹುಡುಗಿಯರ ಹೆಸರು ಕೂಗುವ ಸರದಿ ನನ್ನದು. ಗೆರೆ ಎಳೆದವರನ್ನು ಬಿಟ್ಟು ಓದಬೇಕೆಂದು ಹೇಳಿದ್ದರು. ಅಕ್ಕನ ಹೆಸರನ್ನು ಮೈಕಿನಲ್ಲಿ ಪೂರ್ತಿಯಾಗಿ ಓದಿದೆ. ಯಾರೂ ಓಗೊಡಲಿಲ್ಲ.

“ಮುಂದಿಂದು ಓದ್ರೀ” ಎಂದ ಅಧ್ಯಕ್ಷ.

“ಆಕಿ ತೀರಿಕೊಂಡಾಳ. ನಮ್ಮ ಜೋಡಿ ಕಲ್ತಾಳ. ಎಲ್ಲಾರೂ ಎದ್ದು ನಿಂದರ್ರಿ, ಆಮ್ಯಾಲೆ ಓದ್ತೀನಿ.”

ಹಿಂದಿನ ಸಾಲಿನ ಹೆಂಗಸರು ಮೊದಲು ಎದ್ದರು. ಅಧ್ಯಕ್ಷ ಎಲ್ಲರಿಗಿಂತ ಕೊನೆಗೆ.

ಇವತ್ತು ಸಂಘದ ವಾಟ್ಸಾಪ್ ಗುಂಪಿಗೆ ಸದಸ್ಯರ ಹೊಸ ಪಟ್ಟಿ ಬಂತು. ಈಗಲೂ ಅಕ್ಕನ ಹೆಸರಿಲ್ಲ. ನಾನೇ ಸೇರಿಸಿ ಮತ್ತೆ ಹಾಕಿದೆ. ತೆಗೆದರೆ ಇನ್ನೊಮ್ಮೆ ಹಾಕುತ್ತೇನೆ. ಹೋದವಳು ಇದರಿಂದ ತಿರುಗಿ ಬರುವುದಿಲ್ಲ, ಗೊತ್ತು...

ಆಕೆಯ ಅವ್ವನಿಗೆ ಫೋನ್ ಮಾಡಿ ಮೊದಲಿನಿಂದ ಪಟ್ಟಿ ಓದಿದೆ. ಮಗಳ ಹೆಸರು ಬಂದಾಗ ನಡುವೆಯೇ ನನ್ನನ್ನು ತಡೆದಳು.

“ಇನ್ನೊಂದ್ಸಲ ಓದವ್ವಾ” ಎಂದಳು. “ಸ್ವಲ್ಪ ಜೋರಾಗಿ. ಮನಿಯಾಗ ಮಂದಿ ಕುಂತಾರ.”