ಗಾಳಿ ಡಬ್ಬಿಯೊಳಗಿನ ಫೆಲ್ಟು

ಆ ಕಾರನ್ನು ಕೆಡಿಸಿದವಳು ನಾನೇ. ಗ್ಯಾರೇಜಿನವನಲ್ಲ, ನಮ್ಮ ಮನೆಯವರೂ ಅಲ್ಲ. ಅವರಿಬ್ಬರೂ ಎರಡು ತಿಂಗಳು ಒಬ್ಬರನ್ನೊಬ್ಬರು ಬೈದುಕೊಂಡದ್ದು ದಂಡ.

ನಮ್ಮ ಮನೆಯವರು ಕಾಗದದ ಕಾರ್ಖಾನೆಯಲ್ಲಿ ಬಿದಿರು ಹೊರುತ್ತಿದ್ದರು. ಬೆನ್ನು ಹಿಡಿದುಕೊಂಡ ಮೇಲೆ ಅದನ್ನು ಬಿಟ್ಟು, ಹಳೆಯ ಕಾರೊಂದನ್ನು ತಂದು ದಾಂಡೇಲಿಯಿಂದ ಜೋಯಿಡಾಕ್ಕೆ ಬಾಡಿಗೆ ಓಡಿಸುತ್ತಿದ್ದರು. ಮರದ ಲಾರಿಗಳ ಹಿಂದೆ ಸಿಕ್ಕರೆ ಬರೀ ಕೆಂಪು ಧೂಳು. ಎಂಜಿನ್ನಿನ ಮೇಲೆ ತಗಡಿನ ಒಂದು ಗುಂಡು ಡಬ್ಬಿ ಇತ್ತು; ಎಂಜಿನ್ನು ಗಾಳಿ ಎಳೆದುಕೊಳ್ಳುವುದು ಅದರಿಂದಲೇ. ಅದರೊಳಗೂ ಧೂಳು ಹೋಗುತ್ತದೆ ಎಂದು ಅವರು ಒಂದು ದಿನ ಗೊಣಗಿದರು. ನಾನು ಸುಮ್ಮನಿರಬೇಕಿತ್ತು.

ಕಾರ್ಖಾನೆಯಲ್ಲಿ ಹಸಿ ಕಾಗದ ಹಾಯುವ ದಪ್ಪ ಉಣ್ಣೆ ಬಟ್ಟೆಗೆ ಫೆಲ್ಟು ಅನ್ನುತ್ತಾರೆ. ಸವೆದ ತುಂಡುಗಳು ಕೆಲಸಗಾರರ ಮನೆಗೆ ಬರುತ್ತಿದ್ದವು. ಹಾಸುತ್ತಿದ್ದೆವು, ಹೊದೆಯುತ್ತಿದ್ದೆವು, ಬಾಗಿಲ ಸಂದಿಗೆ ತುರುಕುತ್ತಿದ್ದೆವು. ಯಾವ ತಾಪತ್ರಯ ಬಂದರೂ ನಮ್ಮ ಓಣಿಯ ಮದ್ದು ಅದೊಂದೇ. ನಾನು ಅದನ್ನು ಗುಂಡಗೆ ಕತ್ತರಿಸಿ, ಎರಡು ಪದರ ಹೊಲಿದು, ಡಬ್ಬಿಯೊಳಗೆ ಕೂಡಿಸಿದೆ.

ಮುಂದಿನ ವಾರದಿಂದ ಏರು ಬಂದರೆ ಕಾರು ತೇಕತೊಡಗಿತು. ಹಿಂದೆ ಕರಿ ಹೊಗೆ. ಪೆಟ್ರೋಲು ಎಷ್ಟು ಹಾಕಿದರೂ ಸಾಲದು. ಜನ ಇಳಿದು ನಡೆಯಬೇಕಾಯಿತು. ಎರಡು ಸಲ ನಡೆದವರು ಮೂರನೆಯ ಸಲ ಬಸ್ಸು ಹತ್ತಿದರು.

ಹಳಿಯಾಳದ ಗ್ಯಾರೇಜಿನವನು ಪ್ರತಿ ಸಲವೂ ಆ ಡಬ್ಬಿಯನ್ನು ತೆರೆಯದೆ, ಇಡಿಯಾಗಿ ಬಿಚ್ಚಿ ಪಕ್ಕಕ್ಕಿಡುತ್ತಿದ್ದ. ಕೆಳಗಿನ ಸಣ್ಣ ರಬ್ಬರ್ ಪೈಪುಗಳಿಗೆ ಕಿವಿಯಿಟ್ಟು, "ಎಲ್ಲೋ ಸೀಳಿ ಕಳ್ಳಗಾಳಿ ಎಳ್ಯಾಕತ್ತೈತಿ" ಅನ್ನುತ್ತಿದ್ದ. ಪೈಪು ಬದಲಿಸಿದ. ಮತ್ತೆ ಬದಲಿಸಿದ. ಅಲ್ಲಿ ಎಂಜಿನ್ನು ನೆಟ್ಟಗೇ ಓಡುತ್ತಿತ್ತು. ಘಟ್ಟಕ್ಕೆ ಬಂದರೆ ಅದೇ ಹಾಡು.

"ಸಾಕಾತು. ಇದನ್ನ ಮಾರಿ ಮತ್ತ ಬಿದಿರು ಹೊರಾಕ ಹೋಗತೇನಿ," ಅಂದರು ನಮ್ಮವರು. ನೆಟ್ಟಗೆ ಬಗ್ಗಲಾರದ ಮನುಷ್ಯ. ಕೊನೆಯ ಸಲ ಗ್ಯಾರೇಜಿಗೆ ನಾನೂ ಹೋದೆ.

"ನೋಡ್ರಿ ವೈನಿ, ಎಂಜಿನ್ ಹೆಂಗ ಹಾಡಾಕತ್ತೈತಿ! ಓಡಸೂ ಕೈ ಸುಮಾರ ಐತ್ರಿ," ಅಂದ ಗ್ಯಾರೇಜಿನವನು.

"ನಿನ್ನ ಕಡೆ ಹಾಡತೈತಿ, ಘಟ್ಟದಾಗ ಅಳತೈತಿ. ಘಟ್ಟಾನ ಇಲ್ಲಿ ಹೊತ್ತು ತರಲೇನು?" ನಮ್ಮವರು ರೇಗಿದರು.

ಬೈಯುತ್ತಲೇ ಅವನು ಡಬ್ಬಿ ಕೂಡಿಸಿ, ರೇಸು ಜೋರಾಗಿ ಕೊಟ್ಟ. ಎಂಜಿನ್ನಿನ ದನಿ ಕಟ್ಟಿತು.

"ತಗೀರಿ ಅದನ್ನ," ಅಂದೆ.

"ಯಾವದನ್ನ?"

"ಆ ಡಬ್ಬಿ."

ತೆಗೆದ. ದನಿ ಬಿಟ್ಟಿತು. ಇಟ್ಟ. ಕಟ್ಟಿತು. ಆಗ ಮುಚ್ಚಳ ಬಿಚ್ಚಿದ. ಧೂಳು, ಎಣ್ಣೆ ಹೀರಿ ಫೆಲ್ಟು ಹೊತ್ತಿದ ರೊಟ್ಟಿಯಂತೆ ಬಿರುಸಾಗಿ ಕೂತಿತ್ತು.

"ಯಾರ್ರೀ ಇದನ್ನ ಹೊಲಿದವರು?"

"ನಾನ."

"ಹೊಲಿಗಿ ಭಾಳ ಗಟ್ಟಿ ಐತ್ರಿ ವೈನಿ. ಗಾಳಿ ಸುದ್ದಾ ಹೋಗಂಗಿಲ್ಲ."

ಫೆಲ್ಟು ಹಾಕಿದ್ದನ್ನು ನಮ್ಮವರು ಅವನಿಗೆ ಹೇಳಿಯೇ ಇರಲಿಲ್ಲ. ಧೂಳು ತಡೆಯುವುದು ರೋಗ ಹೇಗಾದೀತು ಎಂದು ಅವರ ಲೆಕ್ಕ. ಅವನು ತೆರೆದು ನೋಡಲಿಲ್ಲ. ನಾನು ಕೇಳಲಿಲ್ಲ. ಮೂವರು ಸೇರಿ ಒಂದು ಮುಚ್ಚಳ ತೆಗೆಯಲು ಎರಡು ತಿಂಗಳು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾರುವ ಮಾತು ಅಲ್ಲಿಗೆ ನಿಂತಿತು. ಆದರೆ ಕಾರು ಸರಿಯಾದರೆ ಸಾಕೇ, ಜನ ಹತ್ತಬೇಡವೇ? ಸ್ಟ್ಯಾಂಡಿನಲ್ಲಿ ಖಾಲಿ ಕಾರಿಗೆ ಮೊದಲು ಹತ್ತುವವರು ಯಾರೂ ಇಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಸ್ಟ್ಯಾಂಡಿಗೆ ಹೋಗಿ, ಹಿಂದಿನ ಸೀಟಿನಲ್ಲಿ ಗಿರಾಕಿಯಂತೆ ಕೂತೆ. ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು, ಕಾರನ್ನು ಗುರುತು ಹಿಡಿದು, ಹಿಂದೆ ಸರಿದಳು.

"ಬರ್ರಿ ಅಕ್ಕಾರ," ಅಂದೆ, "ಏರಿನ್ಯಾಗ ಇಳಿಸಿದ್ರ ನಿಮ್ಮ ಬುಟ್ಟಿ ಜೋಯಿಡಾ ತನಕಾ ನಾ ಹೊರತೇನಿ." ಸರಿದು ಜಾಗ ಮಾಡಿದೆ.